ನಮ್ಮನೆ ಸಕ್ಕರೆ ಡಬ್ಬಿ

ಈ ಕಡೆ ತಲೆ ಹಾಕಿ ತುಂಬಾ ದಿನ ಆಯ್ತು. "ಏನ್ ಸಾರ್, ಬರೆಯೋದೇ ಬಿಟ್ಬಿಟ್ರಾ?" ಅಂತ ಇಬ್ಬರು ಮೂವರು ಗೆಳೆಯರು ಕೇಳಿಯೂ ಆಯ್ತು. ಬಿಟ್ಟಿಲ್ಲ ಸ್ವಾಮಿ.... ಈ ವಿಷಯ ಬರೆಯಬೇಕೋ ಬೇಡವೋ ಅಂತಲೇ ಇಷ್ಟು ದಿನ ಯೋಚನೆ ಮಾಡ್ತಾ ಕೂತಿದ್ದೆ. ಯಾಕಂದ್ರೆ ಇದು ನನ್ನ ಹೆಂಡತಿಯ ಕಾಯಿಲೆಯ ವಿಷಯ. ಕೊನೆಗೆ ಅವಳನ್ನೇ ಕೇಳಿದೆ.

"ಬರ್ಕೊಳ್ಳಿ, ನನಗೇನು. ಆದ್ರೆ ನೀವು ಮಾಡಿದ್ದನ್ನೂ ಬರೀಬೇಕು" ಅಂದಳು.

ಸರಿ, ಬರೀತಾ ಇದೀನಿ.

ನಾವಿರೋದು ಮಾಕಳಿಯಲ್ಲಿ. ತುಮಕೂರು ರಸ್ತೆಯಲ್ಲಿ ನೆಲಮಂಗಲಕ್ಕೆ ಸ್ವಲ್ಪ ಮುಂಚೆ ಸಿಗುತ್ತೆ. ಊರ ಹೆಸರು ಹೇಳಿದ ತಕ್ಷಣ ಅರ್ಧ ಜನ "ಓಹೋ, ಟ್ರೆಕ್ಕಿಂಗ್ ಹೋಗ್ತಾರಲ್ಲ, ರೈಲ್ವೆ ಹಳಿ ಪಕ್ಕ ಬೆಟ್ಟ!" ಅಂತಾರೆ. ಅದು ಮಾಕಳಿದುರ್ಗ, ದೊಡ್ಡಬಳ್ಳಾಪುರದ ಹತ್ತಿರ. ನಮ್ಮ ಮಾಕಳಿಯಲ್ಲಿ ಬೆಟ್ಟ ಇಲ್ಲ, ಲಾರಿಗಳಿವೆ. ಇನ್ನರ್ಧ ಜನಕ್ಕೆ ನಮ್ಮೂರು ಗೊತ್ತಿರೋದು ಹಿಮಾಲಯ ಕಂಪನಿಯಿಂದ. ಹೆಂಡತಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಈ ಎರಡನೇ ಗುಂಪಿನವರ ಕಾಟ ಜಾಸ್ತಿ ಆಯ್ತು. "ಅಲ್ಲಾ ಕಣಯ್ಯಾ, ಅಷ್ಟು ದೊಡ್ಡ ಔಷಧಿ ಕಂಪನಿ ಮನೆ ಪಕ್ಕ ಇಟ್ಕೊಂಡು ಇಂಗ್ಲಿಷ್ ಮಾತ್ರೆ ನುಂಗಿಸ್ತೀಯಲ್ಲ!" ಅನ್ನೋರು. ನಾನೇನೋ ಕಂಪನಿ ಗೇಟಿಗೆ ಹೋಗಿ ಚೆಂಬು ಹಿಡಿದರೆ ಔಷಧಿ ಹುಯ್ದು ಕಳಿಸ್ತಾರೆ ಅನ್ನೋ ಹಾಗೆ!

ಗೊತ್ತಾಗಿದ್ದು 2021ರಲ್ಲಿ. ಅವಳಿಗೆ ಆಗ 46. ರಾತ್ರಿ ನಾಲ್ಕೈದು ಸಲ ಎದ್ದು ಬಚ್ಚಲಿಗೆ ಹೋಗೋಳು, ತಲೆದಿಂಬಿನ ಪಕ್ಕ ಇಟ್ಟ ಚೆಂಬು ನೀರು ಬೆಳಗ್ಗೆ ಹೊತ್ತಿಗೆ ಖಾಲಿ. ಕಾಲಿನ ಹೆಬ್ಬೆರಳಿಗೆ ಹೊಸಿಲು ಎಡವಿ ಆದ ಗಾಯ ತಿಂಗಳಾದರೂ ಒಣಗಲಿಲ್ಲ. ರಕ್ತ ಕೊಟ್ಟು ಬಂದ್ವಿ. ಖಾಲಿ ಹೊಟ್ಟೆಯಲ್ಲಿ 212, ತಿಂಡಿ ತಿಂದು ಎರಡು ಗಂಟೆ ಆದ ಮೇಲೆ 318. ಎಚ್‌ಬಿಎ1ಸಿ ಅಂತ ಇನ್ನೊಂದು ಇತ್ತು, ಅದು 10.1.

ಆ ಮೂರನೇದು ಏನು ಅಂತ ನನಗೆ ಗೊತ್ತಿರಲಿಲ್ಲ, ಓದಿ ತಿಳ್ಕೊಂಡೆ. ರಕ್ತದಲ್ಲಿ ಓಡಾಡೋ ಸಕ್ಕರೆ ಕೆಂಪು ಕಣಗಳಲ್ಲಿರೋ ಹಿಮೋಗ್ಲೋಬಿನ್‌ಗೆ ಅಂಟ್ಕೊಳ್ಳುತ್ತೆ. ಒಂದು ಕೆಂಪು ಕಣದ ಆಯಸ್ಸು ಸುಮಾರು 120 ದಿನ. ಹಾಗಾಗಿ ಎಷ್ಟು ಅಂಟಿದೆ ಅಂತ ನೋಡಿದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಗೊತ್ತಾಗುತ್ತೆ. ಹಿಂದಿನ ದಿನ ಉಪವಾಸ ಮಾಡಿ ಹೋಗಿ ಡಾಕ್ಟರಿಗೆ ಟೋಪಿ ಹಾಕೋಕೆ ಆಗಲ್ಲ. ಸಾಮಾನ್ಯವಾಗಿ 7ರ ಒಳಗೆ ಇಟ್ಕೊಳ್ಳಿ ಅಂತಾರೆ. ನಮ್ಮದು 10.1.

ಇಲ್ಲಿ ನನ್ನ ಕೆಲಸದ ಬಗ್ಗೆ ಹೇಳಬೇಕು. ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡ್ಕೊಳ್ಳೋನು. ವರ್ನಿಯರ್, ಮೈಕ್ರೋಮೀಟರು, ಗೇಜು.... ಇವೇ ನನ್ನ ಅನ್ನ. ಅಳತೆಯೊಳಗೆ ಇದ್ರೆ ಪಾಸ್, ಒಂದು ಕೂದಲು ಆಚೆ ಈಚೆ ಆದ್ರೆ ರಿಜೆಕ್ಟ್. ಇಪ್ಪತ್ತೆರಡು ವರ್ಷ ಇದನ್ನೇ ಮಾಡಿದವನ ಕೈಗೆ ಹೆಂಡತಿಯ ರಿಪೋರ್ಟು ಸಿಕ್ಕಿದರೆ ಏನಾಗುತ್ತೆ? ಮನೆಯೇ ಇನ್ಸ್‌ಪೆಕ್ಷನ್ ರೂಮು ಆಯ್ತು.

ಮೊದಲು ಸಕ್ಕರೆ ಡಬ್ಬಿ ಹೋಯ್ತು. ಎರಡು ಕೇಜಿ ಸಕ್ಕರೆ ಪಕ್ಕದ ಮನೆಗೆ ಕೊಟ್ಟು ಬಂದೆ. "ಅವಳೊಬ್ಬಳು ಬಿಟ್ರೆ ಸಾಲದು, ಮನೆಯವರೆಲ್ಲ ಬಿಡಬೇಕು, ಆಗಲೇ ಅವಳಿಗೂ ಧೈರ್ಯ" ಅಂತ ಭಾಷಣ ಮಾಡಿದೆ. ಮಗಳು ಮುಖ ಊದಿಸಿದಳು. 78 ವರ್ಷದ ನಮ್ಮಮ್ಮ ಸಪ್ಪೆ ಕಾಫಿ ಲೋಟ ಹಿಡ್ಕೊಂಡು ಏನೂ ಮಾತಾಡಲಿಲ್ಲ. ಆಮೇಲೆ ಅಡುಗೆಮನೆಗೆ ತಕ್ಕಡಿ ಬಂತು. ಅನ್ನ ಇಷ್ಟು ಗ್ರಾಂ, ಚಪಾತಿ ಇಷ್ಟು. ಒಂದು ಲಾಂಗ್ ನೋಟ್‌ಬುಕ್‌ನಲ್ಲಿ ಕಾಲಂ ಹಾಕಿ ತಾರೀಖು, ತಿಂದದ್ದು, ಎಷ್ಟು, ಬೆಳಗಿನ ಸಕ್ಕರೆ, ಷರಾ.... ಅಂತ ಬರೆದೆ. ಷರಾ ಕಾಲಂನಲ್ಲಿ ಕೆಂಪು ಇಂಕು.

ಯಾರ್ಯಾರೋ ಹೇಳಿದ್ದನ್ನೂ ಬಿಡಲಿಲ್ಲ. ಮೆಂತ್ಯ ನೆನೆಹಾಕಿ ಕುಡಿಸಿದೆ. ಹಾಗಲಕಾಯಿ ರಸ, ನೇರಳೆ ಬೀಜದ ಪುಡಿ, ಕೊನೆಗೆ ಇನ್ಸುಲಿನ್ ಗಿಡ ಅಂತ ನರ್ಸರಿಯಿಂದ ಒಂದು ಕುಂಡ. ಹೆಸರು ಮಾತ್ರ ಇನ್ಸುಲಿನ್ನು, ಎಲೆಯೊಳಗೆ ಇನ್ಸುಲಿನ್ ಇರಲ್ಲ, ಇದ್ರೂ ಹೊಟ್ಟೆಗೆ ಹೋದ್ರೆ ಅದು ಜೀರ್ಣ ಆಗಿಬಿಡುತ್ತೆ (ಅದಕ್ಕೇ ಅಲ್ವಾ ಸೂಜಿ ಚುಚ್ಚೋದು). ಅವಳು ಹುಳಿ ಹುಳಿ ಎಲೆ ಜಗಿಯುತ್ತಾ ನನ್ನನ್ನ ನೋಡ್ತಿದ್ದ ನೋಟ ನೆನೆಸಿಕೊಂಡರೆ ಈಗ ನಗು ಬರುತ್ತೆ, ಆಗ ಬರ್ತಿರಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ತಕ್ಕಡಿ ನಿಜವಾಗಿ ಕೆಲಸಕ್ಕೆ ಬಂತು, ಅದನ್ನ ಬರೀಲೇಬೇಕು. ಮುದ್ದೆ. "ಅನ್ನ ಬಿಡ್ಸಿ, ಮುದ್ದೆ ಕೊಡಿ, ಸಕ್ಕರೆ ಇಳಿಯುತ್ತೆ" ಅಂತ ಹೇಳದೇ ಇರೋ ಮನುಷ್ಯ ನಮ್ಮ ಕಡೆ ಇಲ್ಲ. ನಾವೂ ಕಣ್ಣು ಮುಚ್ಕೊಂಡು ಮಧ್ಯಾಹ್ನ ಎರಡು ಮುದ್ದೆ, ರಾತ್ರಿ ಎರಡು ಮುದ್ದೆ ಶುರು ಮಾಡಿದ್ವಿ. ಊಟ ಆಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿದ್ರೆ 246! ನನಗೆ ಮೀಟರ್ ಮೇಲೇ ಅನುಮಾನ ಬಂತು. ಆಮೇಲೆ ಓದಿದಾಗ ತಿಳೀತು. 100 ಗ್ರಾಂ ರಾಗಿಯಲ್ಲೂ ಸುಮಾರು 70 ಗ್ರಾಂ ಪಿಷ್ಟವೇ, ಅಕ್ಕಿಗಿಂತ ಒಂಚೂರು ಕಮ್ಮಿ ಅಷ್ಟೆ. ನಾರು ಇದೆ, ಸುಣ್ಣದ ಅಂಶವಂತೂ ಬೇರೆ ಧಾನ್ಯಗಳಲ್ಲಿ ಇಲ್ಲದಷ್ಟಿದೆ, ಒಳ್ಳೇದೇ. ಆದರೆ ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿ, ತಿರುವಿ, ಅಗಿಯದೇ ನುಂಗಿದರೆ ಬೇಗ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತೆ. ಒಂದೇ ಮುದ್ದೆ, ಅದೂ ಚಿಕ್ಕದು, ಜೊತೆಗೆ ಮೊದಲು ಒಂದು ಬಟ್ಟಲು ಬಸ್ಸಾರಿನ ಸೊಪ್ಪು ಕಾಳು ತಿಂದು ಆಮೇಲೆ ಮುದ್ದೆ ಮುಟ್ಟಿದರೆ 170ರ ಆಸುಪಾಸು. ಮೂರು ನಾಲ್ಕು ದಿನ ನೋಡಿದ್ವಿ, ಹಾಗೇ ಬಂತು. ಎಲ್ಲರಿಗೂ ಇದೇ ಲೆಕ್ಕ ಬರುತ್ತೆ ಅಂತ ನಾನು ಹೇಳಲ್ಲ, ಅವರವರ ಬೆರಳು ಅವರವರ ಮೀಟರು.

ಆರು ತಿಂಗಳಿಗೆ ಎಚ್‌ಬಿಎ1ಸಿ 7.9ಕ್ಕೆ ಬಂತು. ನಾನು ಬೀಗಿದೆ. ಫ್ಯಾಕ್ಟರಿಯಲ್ಲಿ ಎಲ್ಲರಿಗೂ ಹೇಳ್ಕೊಂಡು ಬಂದೆ. ಅವಳು ಮಾತ್ರ ಮೊದಲಿನ ಹಾಗೆ ಮಾತಾಡ್ತಿರಲಿಲ್ಲ. ನಾನು ಅಡುಗೆಮನೆಗೆ ಕಾಲಿಟ್ಟರೆ ತಟ್ಟನೆ ಮಾತು ನಿಲ್ಲಿಸೋಳು. ಒಂದೆರಡು ಸಲ ಏನೋ ಮುಚ್ಚಿಟ್ಟ ಹಾಗೂ ಅನ್ನಿಸ್ತು. "ನೀನು ಕದ್ದು ತಿಂತೀಯ, ಅದಕ್ಕೇ 7ಕ್ಕೆ ಇಳೀತಾ ಇಲ್ಲ" ಅಂತ ಒಂದು ದಿನ ಮುಖಕ್ಕೇ ಹೇಳಿಬಿಟ್ಟೆ. ಅವಳು ಜಗಳ ಆಡಲಿಲ್ಲ. ಲಾಂಗ್ ನೋಟ್‌ಬುಕ್ ತಂದು ನನ್ನ ಮುಂದೆ ಇಟ್ಟು, "ಬರ್ಕೊಳ್ಳಿ" ಅಂತ ಒಳಗೆ ಹೋದಳು.

ಇಂಥಾ ಮಾತು ಹೆಂಡತಿಗೆ ಹೇಳಿದ್ದನ್ನ ಇಲ್ಲಿ ಬರೆಯೋದು ಸುಲಭ ಅಲ್ಲ. ಆದರೆ ಮಾತು ಕೊಟ್ಟಿದೀನಲ್ಲ.

ಡಾಕ್ಟರು ಮೊದಲು ಮೆಟ್‌ಫಾರ್ಮಿನ್ ಒಂದೇ ಕೊಟ್ಟಿದ್ದರು. ಆಮೇಲೆ ಗ್ಲೈಮಿಪಿರೈಡ್ ಅಂತ ಇನ್ನೊಂದು ಸೇರಿಸಿದರು. ಬೆಳಗ್ಗೆ ತಿಂಡಿಯ ಜೊತೆಗೆ ತಗೋಬೇಕು ಅಂದಿದ್ದರು. ನಾನು ಮಾತ್ರೆ ತಪ್ಪದ ಹಾಗೆ ನೋಡ್ಕೊಂಡೆ, ಎಂಟು ಗಂಟೆಗೆ ಸರಿಯಾಗಿ ಕೈಗೆ ಕೊಟ್ಟು ನೀರು ಕೊಟ್ಟು ಪುಸ್ತಕದಲ್ಲಿ ಟಿಕ್ ಹಾಕಿ ಫ್ಯಾಕ್ಟರಿಗೆ ಹೊರಡೋನು. ತಿಂಡಿ? ಅದು ಅವಳ ಕೆಲಸ, ಅಡುಗೆಮನೆ ಅವಳದು, ತಿಂದೇ ತಿಂತಾಳೆ.... ಅಂದ್ಕೊಂಡಿದ್ದೆ.

2023ರ ಮಹಾಲಯ ಅಮಾವಾಸ್ಯೆ. ನಮ್ಮಲ್ಲಿ ಹಿರಿಯರ ಹಬ್ಬ. ಅಪ್ಪ ತೀರಿಕೊಂಡ ಮೇಲೆ ಎಡೆ ಇಡೋದು ನಮ್ಮನೆಯಲ್ಲೇ. ಮುದ್ದೆ, ಮಟನ್ ಸಾರು, ಕೋಳಿ ಫ್ರೈ, ವಡೆ, ಕಜ್ಜಾಯ, ಹೊಸ ಪಂಚೆ, ಟವಲು, ಅಪ್ಪನಿಗೆ ಅಂತ ಒಂದು ಕಟ್ಟು ಬೀಡಿ. ಎಡೆ ಆಗೋವರೆಗೂ ಹೆಂಗಸರು ಬಾಯಿಗೆ ಏನೂ ಹಾಕಲ್ಲ. ಬೆಳಗ್ಗೆ ನಾನು ಎಂದಿನಂತೆ ಎಂಟು ಗಂಟೆಗೆ ಮಾತ್ರೆ ಕೊಟ್ಟೆ. ಟಿಕ್ ಹಾಕಿದೆ. ಅವಳು ಸಪ್ಪೆ ಕಾಫಿಯಲ್ಲಿ ಮಾತ್ರೆ ನುಂಗಿ ಒಲೆ ಮುಂದೆ ನಿಂತಳು. ಹನ್ನೆರಡಕ್ಕೆ ಎಡೆ ಅಂತ ಲೆಕ್ಕ. ನನ್ನ ತಮ್ಮ ಸಂಸಾರ ಸಮೇತ ಬರಬೇಕಿತ್ತು, ಅವನು ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ಸಿಕ್ಕಾಕ್ಕೊಂಡಿದ್ದ. (ಆ ಸಿಗ್ನಲ್ ಬಗ್ಗೆ ಬೇರೆ ಬರೀತೀನಿ, ಅದಕ್ಕೆ ಎರಡು ಕಂತು ಬೇಕು.)

ಒಂದು ಗಂಟೆ ಹೊತ್ತಿಗೆ "ಇನ್ನೂ ಎಷ್ಟು ಹೊತ್ತೇ, ವಡೆ ಆಯ್ತಾ?" ಅಂತ ಕೇಳಿದೆ.

"ನನಗೇನ್ ನಾಕು ಕೈ ಇದ್ಯಾ? ನೀವೇ ಬಂದು ಮಾಡಿ!" ಅಂತ ಕಿರುಚಿದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನೆಂಟರ ಮುಂದೆ ಹಾಗೆ ಕಿರುಚಿದ್ದು ಇಲ್ಲ. ನನಗೂ ಸಿಟ್ಟು ಬಂತು. ಹಬ್ಬದ ದಿನ ಇದೇನು ನಾಟಕ ಅಂತ ನಾನೂ ಜೋರು ಮಾಡಿದೆ. ಬೆನ್ನಿನ ಮೇಲೆ ರವಿಕೆ ಪೂರ್ತಿ ಒದ್ದೆಯಾಗಿತ್ತು, ಒಲೆಯ ಶಾಖ ಅಂದ್ಕೊಂಡೆ. ಸಾರಿಗೆ ಹಾಕಿದ ಉಪ್ಪನ್ನೇ ಮತ್ತೆ ಹಾಕೋಕೆ ಹೋದಳು, ಕೈ ನಡುಗ್ತಾ ಇತ್ತು. ಆಮೇಲೆ ಮೆಲ್ಲಗೆ ಗೋಡೆಗೆ ಒರಗಿ ನೆಲದ ಮೇಲೆ ಕೂತಳು.

"ಏನಾಯ್ತೇ?"

"ಬಸ್ ಬಂತಾ?" ಅಂದಳು.

ನನ್ನ ಕೈಕಾಲು ತಣ್ಣಗಾಯ್ತು.

ಮಗಳು ಓಡಿ ಹೋಗಿ ಮೀಟರ್ ತಂದು ಬೆರಳು ಚುಚ್ಚಿದಳು. 46. ಎರಡು ವರ್ಷದಿಂದ ಜಾಸ್ತಿ ಜಾಸ್ತಿ ಅಂತ ಹೆದರಿಕೊಂಡೇ ನೋಡಿದ ಮೀಟರು, ಕಮ್ಮಿಯಾದರೆ ಏನು ಮಾಡಬೇಕು ಅಂತ ಒಂದು ದಿನವೂ ಯೋಚನೆ ಮಾಡಿರಲಿಲ್ಲ ನಾನು. 70ಕ್ಕಿಂತ ಕೆಳಗೆ ಹೋದರೇ ಅಪಾಯದ ಗಂಟೆ ಅಂತ ಡಾಕ್ಟರು ಹೇಳಿದ್ದು ಮಾತ್ರ ತಲೆಯಲ್ಲಿತ್ತು.

"ಸಕ್ಕರೆ ತಗೊಂಡ್ ಬಾ!" ಅಂತ ಕೂಗಿದೆ.

ಮಗಳು ನಿಂತಲ್ಲೇ ನಿಂತಳು. "ಎಲ್ಲಿದೆ ಅಪ್ಪ? ನೀನೇ ಮನೇಲಿ ಇಡಬಾರದು ಅಂದ್ಯಲ್ಲ...."

ಬೆಲ್ಲ ಪೂರ್ತಿ ಕಜ್ಜಾಯದ ಹಿಟ್ಟಿಗೆ ಹೋಗಿತ್ತು. ಬೀದಿ ಕೊನೆಯ ಅಂಗಡಿಗೆ ಓಡೋಣ ಅಂತ ಚಪ್ಪಲಿ ಹುಡುಕ್ತಾ ಇದ್ದೆ. ಅಷ್ಟರಲ್ಲಿ ನಮ್ಮಮ್ಮ, ಮಂಡಿ ನೋವಿನಲ್ಲಿ ನಡುಮನೆ ದಾಟೋಕೇ ಗೋಡೆ ಹಿಡಿಯೋ ನಮ್ಮಮ್ಮ, ಅಡುಗೆಮನೆಗೆ ಬಂದು, ಮೇಲಿನ ಗೂಡಿಗೆ ಕೈ ಹಾಕಿ, ಉದ್ದಿನಬೇಳೆ ಡಬ್ಬಿ ಪಕ್ಕಕ್ಕೆ ಸರಿಸಿ, ಅದರ ಹಿಂದಿನಿಂದ ಒಂದು ಹಳೇ ಹಾರ್ಲಿಕ್ಸ್ ಬಾಟ್ಲಿ ತೆಗೆದಳು. ಅದರ ತುಂಬಾ ಸಕ್ಕರೆ. ಲೋಟದ ನೀರಿಗೆ ಸುರಿದು ಬೆರಳಲ್ಲೇ ಕಲಸಿ ಸೊಸೆಯ ಬಾಯಿಗೆ ಹಿಡಿದಳು.

ಅವಳು ಅಂಥಾ ಹೊತ್ತಲ್ಲೂ ಮುಖ ತಿರುಗಿಸಿದಳು. "ಎಡೆ ಆಗಿಲ್ಲ ಅತ್ತೆ...."

"ನಿಮ್ಮ ಮಾವ ಬಂದು ಕೇಳಿದ್ರೆ ನಾನು ಹೇಳ್ಕೋತೀನಿ. ಕುಡಿ ಮಗಾ."

ಕುಡಿದಳು. ಪ್ರಜ್ಞೆ ಇತ್ತು, ನುಂಗೋಕೆ ಆಗ್ತಿತ್ತು, ಅದಕ್ಕೇ ಕುಡಿಸಬಹುದಾಯ್ತು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬಾರದು, ಶ್ವಾಸಕ್ಕೆ ಹೋಗುತ್ತೆ, ಸೀದಾ ಆಸ್ಪತ್ರೆಗೇ ಓಡಬೇಕು ಅಂತ ಆಮೇಲೆ ತಿಳ್ಕೊಂಡೆ. ಸುಮಾರು 15 ಗ್ರಾಂ ಸಕ್ಕರೆ, ಅಂದ್ರೆ ಮೂರು ನಾಲ್ಕು ಚಮಚ, ನೀರಲ್ಲಿ ಕಲಸಿ ಕೊಟ್ಟು 15 ನಿಮಿಷ ಬಿಟ್ಟು ಮತ್ತೆ ನೋಡಬೇಕು, ಏರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಕಜ್ಜಾಯ, ಚಾಕೊಲೇಟು ಆಗಲ್ಲ, ಎಣ್ಣೆ ಜಿಡ್ಡು ಇದ್ದರೆ ಸಕ್ಕರೆ ರಕ್ತಕ್ಕೆ ಸೇರೋದು ನಿಧಾನ. ನಮಗೆ ಕಾಲು ಗಂಟೆಗೆ 71 ಬಂತು. ಅಮ್ಮ ಎಡೆಗೆ ಅಂತ ಮಾಡಿದ ಮುದ್ದೆಯಲ್ಲೇ ಒಂದನ್ನ ತಟ್ಟೆಗೆ ಹಾಕಿ, ಸಾರು ಬಿಟ್ಟು, ಅವಳು ತಿನ್ನೋವರೆಗೂ ಪಕ್ಕದಲ್ಲೇ ಕೂತಳು. ಆ ವರ್ಷ ಅಪ್ಪನಿಗಿಂತ ಮೊದಲು ಸೊಸೆಯ ಊಟ ಆಯ್ತು. ಎಡೆ ಇಟ್ಟಾಗ ಮೂರು ಗಂಟೆ.

ಡಾಕ್ಟರಿಗೆ ಫೋನ್ ಮಾಡಿದೆ. ಈ ಮಾತ್ರೆಯ ಪ್ರಭಾವ ಬಹಳ ಹೊತ್ತು ಇರುತ್ತೆ, ಒಂದು ಸಲ ಏರಿದ್ದು ಮತ್ತೆ ಇಳಿಯಬಹುದು, ರಾತ್ರಿಯೆಲ್ಲ ನೋಡ್ತಾ ಇರಿ, ಇಳಿದರೆ ಕರ್ಕೊಂಡು ಬಂದುಬಿಡಿ ಅಂದರು. ಮೂರು ಗಂಟೆಗೊಂದು ಸಲ ಅವಳ ಬೆರಳು ಚುಚ್ಚುತ್ತಾ ಕೂತೆ. ಅಮ್ಮನಿಗೂ ನಿದ್ದೆ ಇಲ್ಲ.

"ಅಮ್ಮಾ, ಆ ಬಾಟ್ಲಿ ನಿಂಗೆ ಹೆಂಗೆ ಗೊತ್ತು? ಕದ್ದು ತಿಂತಾಳೆ ಅಂತ ನಾನು ಅವತ್ತೇ ಹೇಳಿರಲಿಲ್ವಾ?"

ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಅವಳಿಗಲ್ಲ ಕಣಪ್ಪಾ. ನನಗೆ. ನೀನು ಫ್ಯಾಕ್ಟರಿಗೆ ಹೋದ ಮೇಲೆ ನನ್ನ ಕಾಫಿಗೆ ಒಂದು ಚಮಚ ಹಾಕಿ ಕೊಡೋಳು. ಹೇಳಿದ್ರೆ ನೀನು ಕುಣೀತೀಯ ಅಂತ ಮುಚ್ಚಿಟ್ಟಿದ್ದಳು. ಅವಳು ಒಂದು ಕಾಳು ಬಾಯಿಗೆ ಹಾಕ್ಕೊಂಡಿದ್ದು ನಾನು ನೋಡಿಲ್ಲ."

ಪಕ್ಕದಲ್ಲಿ ಮಲಗಿದ್ದವಳಿಗೆ ಎಚ್ಚರ ಇತ್ತೋ ಏನೋ. ನಾನು ಕೇಳಲಿಲ್ಲ.

ಮಾರನೇ ವಾರ ಡಾಕ್ಟರ ಹತ್ತಿರ ಲಾಂಗ್ ನೋಟ್‌ಬುಕ್ ಸಮೇತ ಹೋದೆ. ಅವರು ನಾಲ್ಕು ಪುಟ ತಿರುವಿ, "ಚೆನ್ನಾಗಿ ಬರೆದಿದೀರ. ಮಾತ್ರೆ ಎಂಟು ಗಂಟೆಗೆ ಅಂತ ಇದೆ. ತಿಂಡಿ ಎಷ್ಟು ಗಂಟೆಗೆ ತಿಂತಾರೆ?" ಅಂದರು.

ನಾನು ಅವಳ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಹೇಳಿದಳು. ಹಬ್ಬದ ದಿನ ಮಾತ್ರ ಅಲ್ಲ. ದಿನಾ ನನಗೆ ಡಬ್ಬಿ ಕಟ್ಟಿ, ಮಗಳನ್ನ ಕಾಲೇಜಿಗೆ ಕಳಿಸಿ, ಅತ್ತೆಗೆ ತಿಂಡಿ ಕೊಟ್ಟು, ಪಾತ್ರೆ ತೊಳೆದು, ದೇವರ ದೀಪ ಹಚ್ಚಿ ಅವಳು ತಟ್ಟೆ ಮುಂದೆ ಕೂರೋದು ಹತ್ತೂವರೆ, ಕೆಲವು ದಿನ ಹನ್ನೊಂದು. ಹನ್ನೊಂದರ ಹೊತ್ತಿಗೆ ಕೈ ನಡುಗೋದು, ಕಣ್ಣು ಕತ್ತಲೆ ಬರೋದು ಮೊದಲೇ ಇತ್ತಂತೆ. "ಸುಸ್ತು ಅಂದ್ಕೊಂಡೆ ಡಾಕ್ಟ್ರೇ" ಅಂದಳು.

ಡಾಕ್ಟರು ಬಿಡಿಸಿ ಹೇಳಿದರು. ಮೆಟ್‌ಫಾರ್ಮಿನ್ ಒಂದೇ ಆದರೆ ಸಾಮಾನ್ಯವಾಗಿ ಇಷ್ಟು ಕೆಳಗೆ ಇಳಿಸಲ್ಲ, ಅದು ಲಿವರ್ ಬಿಡೋ ಸಕ್ಕರೆಯನ್ನ ಕಮ್ಮಿ ಮಾಡೋದು. ಗ್ಲೈಮಿಪಿರೈಡ್ ಹಾಗಲ್ಲ, ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹಿಂಡಿ ತೆಗೆಯುತ್ತೆ. ಊಟ ಬಂದಿದ್ಯೋ ಇಲ್ವೋ ಅಂತ ಅದು ಕಾಯಲ್ಲ. ಜೊತೆಗೆ ನಾನು ಅನ್ನ ಕಮ್ಮಿ ಮಾಡಿದ್ದೆ, ಮುದ್ದೆ ಕಮ್ಮಿ ಮಾಡಿದ್ದೆ, ಅವರಿಗೆ ಹೇಳಿರಲಿಲ್ಲ. ಊಟ ಇಳಿದಿತ್ತು, ಮಾತ್ರೆ ಅಷ್ಟೇ ಇತ್ತು. ಸಿಟ್ಟು ಬರೋದು, ಬೆವರೋದು, ಏನೇನೋ ಮಾತಾಡೋದು ಎಲ್ಲ ಸಕ್ಕರೆ ಇಳಿದ ಲಕ್ಷಣವೇ ಅಂತ ಅವರು ಹೇಳ್ತಿದ್ದಾಗ ನನಗೆ ಅವತ್ತು ಅಡುಗೆಮನೆ ಬಾಗಿಲಲ್ಲಿ ನಿಂತು ಜೋರು ಮಾಡಿದ್ದು ನೆನಪಾಗ್ತಿತ್ತು. ಮಾತ್ರೆ ಬದಲಾಯಿಸಿ ಕೊಟ್ಟರು.

ಎರಡು ವರ್ಷ ಅವಳು ಏನು ತಿಂತಾಳೆ, ಎಷ್ಟು ಗ್ರಾಂ ತಿಂತಾಳೆ ಅಂತ ಬರೆದವನು ನಾನು. ಯಾವಾಗ ತಿಂತಾಳೆ ಅನ್ನೋ ಕಾಲಂ ನನ್ನ ಪುಸ್ತಕದಲ್ಲಿ ಇರಲೇ ಇಲ್ಲ. 2023ರಲ್ಲಿ ಬಂದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆ ಇರೋರು 10 ಕೋಟಿಗೂ ಹೆಚ್ಚು. ಅದರಲ್ಲಿ ಎಷ್ಟು ಜನ ಎಲ್ಲರಿಗೂ ಬಡಿಸಿ ಕೊನೆಗೆ ಕೂರೋರು? ನಿಮ್ಮನೆಯಲ್ಲಿ ಮಾತ್ರೆ ನುಂಗೋರು ಇದ್ದರೆ ಒಂದು ಸಲ ಗಡಿಯಾರ ನೋಡಿ, ಅಷ್ಟೇ ನಾನು ಕೇಳ್ಕೊಳ್ಳೋದು.

ಆಮೇಲೆ ಎಲ್ಲ ಸರಿಹೋಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಸಕ್ಕರೆ ಬಿಡಿಸೋದು ಸುಲಭ ಇತ್ತು, ಅವಳನ್ನ ಮೊದಲು ಊಟಕ್ಕೆ ಕೂರಿಸೋದು ಅಷ್ಟು ಸುಲಭ ಆಗಲಿಲ್ಲ. "ಅತ್ತೆ ತಿಂದಿಲ್ಲ, ನಾನು ಹೆಂಗೆ ಕೂರ್ಲಿ" ಅನ್ನೋಳು. ಅಮ್ಮ ಅದಕ್ಕೊಂದು ಉಪಾಯ ಮಾಡಿದಳು, ಎಂಟು ಗಂಟೆಗೆ ತಾನೂ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು. ನನ್ನ ಡಬ್ಬಿ ನಾನೇ ಕಟ್ಕೊಳ್ತೀನಿ. ಮಗಳು ದೀಪ ಹಚ್ಚುತ್ತಾಳೆ, ಬತ್ತಿ ಸರಿಯಾಗಿ ಹೊಸೆಯೋಕೆ ಇನ್ನೂ ಬಂದಿಲ್ಲ. ನೆಂಟರ ಮದುವೆಗೆ ಹೋದರೆ ಮಾತ್ರ ಈಗಲೂ ಕಷ್ಟ. "ಮನೆ ಸೊಸೆ ಮೊದಲನೇ ಪಂಕ್ತಿಗೇ ಕೂತ್ಬಿಟ್ಳು" ಅಂತ ತಿಪಟೂರಿನಲ್ಲಿ ಯಾರೋ ಅಂದದ್ದು ಅವಳ ಕಿವಿಗೆ ಬಿತ್ತು, ವಾರ ಮಾತಾಡಲಿಲ್ಲ. ಕೈಚೀಲದಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರುತ್ತೆ. ರಾಜಾಜಿನಗರದ ಡಾಕ್ಟರ ಹತ್ತಿರ ಹೋಗೋಕೆ ಈಗ ಆರಾಮ, 2024ರ ನವೆಂಬರಿನಲ್ಲಿ ಮೆಟ್ರೋ ಮಾದಾವರದವರೆಗೆ ಬಂತು, ಗೊರಗುಂಟೆಪಾಳ್ಯದ ಸಿಗ್ನಲ್ ಮೇಲೇ ಹಾರಿ ಹೋಗ್ತೀವಿ. ಹೋದ ಸಲ ಎಚ್‌ಬಿಎ1ಸಿ 7.2. ನಾನು ಫ್ಯಾಕ್ಟರಿಯಲ್ಲಿ ಯಾರಿಗೂ ಹೇಳಲಿಲ್ಲ.

ಹಾರ್ಲಿಕ್ಸ್ ಬಾಟ್ಲಿ ಈಗ ಗೂಡಿನಲ್ಲಿ ಮುಂದಿನ ಸಾಲಿನಲ್ಲಿದೆ.

2024ರ ಹಿರಿಯರ ಹಬ್ಬದ ದಿನ ಬೆಳಗ್ಗೆ ಎಂಟಕ್ಕೆ ನಾನೇ ಇಡ್ಲಿ ಬೇಯಿಸಿ, ತಟ್ಟೆಗೆ ಎರಡು ಹಾಕಿ, ಸಾಂಬಾರ್ ಬಿಟ್ಟು ಅವಳ ಮುಂದೆ ಇಟ್ಟೆ. ಅವಳು ದೇವರ ಮನೆ ಕಡೆ ಒಂದು ಸಲ, ಅಪ್ಪನ ಫೋಟೋ ಕಡೆ ಒಂದು ಸಲ ನೋಡಿದಳು. ಅಮ್ಮ "ತಿನ್ನು ತಿನ್ನು, ಅವರಿಗೆ ಹೋದ ವರ್ಷವೇ ಹೇಳಿದೀನಿ" ಅಂದಳು.

ಒಂದು ಚೂರು ಮುರಿದು ಬಾಯಿಗೆ ಇಟ್ಕೊಂಡು ನನ್ನ ಕಡೆ ತಿರುಗಿದಳು.

"ರೀ, ನಿಜ ಹೇಳಿ. ಈ ಇಡ್ಲಿ ತಕ್ಕಡಿಗೆ ಹಾಕಿದ್ರಾ?"

"ಛೇ ಛೇ, ಎಲ್ಲಾದ್ರೂ ಉಂಟಾ!" ಅಂದೆ.

ಹಾಕಿದ್ದೆ. ಎರಡೂ ಸೇರಿ 84 ಗ್ರಾಂ.